ಹಾಲನ್ನ ಮುಟ್ಟದ ಕೆಂಚ

ಹೇಳೋಳು ನಾನು, ಹೂಂಗುಟ್ಟೋರು ನೀವು. ಹೂಂ ಅನ್ನೋದು ನಿಂತರೆ ನನ್ನ ಬಾಯೂ ನಿಲ್ಲುತ್ತೆ, ಆಮೇಲೆ ನನ್ನ ಬೈಕೋಬೇಡಿ. ಸರಿ, ಕೇಳಿ.

ಯಾವುದೋ ಒಂದು ಕಾಲ. ಯಾವುದೋ ಒಂದು ಹೊಳೆ. ಆ ಹೊಳೆ ದಡದಲ್ಲಿ ಒಂದು ಊರು. ಊರಿನ ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಅಲ್ಲಿಯವರು ಮೀನು ಹಿಡಿದು ಬದುಕೋರು. ಮೀನಿದ್ದ ಮೇಲೆ ಬೆಕ್ಕು ಇಲ್ಲದೆ ಇರುತ್ತಾ? ಮನೆಗೊಂದು ಬೆಕ್ಕು. ಆ ಊರಲ್ಲಿ ಬೆಕ್ಕಿಗಿದ್ದ ಮರ್ಯಾದೆ ಮನೆ ಅಳಿಯನಿಗೂ ಇರಲಿಲ್ಲ.

ಅಲ್ಲೊಂದು ಪದ್ಧತಿ ಇತ್ತು. ಹೊಸ ಸೊಸೆ ಬಂದರೆ ಮೂರು ದಿನ ಅವಳೇ ಹಾಲನ್ನ ಕಲಸಿ ಮನೆ ಬೆಕ್ಕಿಗೆ ಇಡಬೇಕು. ಆ ಮೂರು ದಿನ ಬೇರೆ ಯಾರೂ ಬೆಕ್ಕಿಗೆ ಒಂದು ಅಗುಳೂ ಹಾಕೋ ಹಾಗಿಲ್ಲ. ಬೆಕ್ಕು ತಿಂದರೆ ಸೊಸೆಗೆ ಒಲೆ ಒಪ್ಪಿಸ್ತಾರೆ. ತಿನ್ನದೆ ಹೋದರೆ? ಅವಳ ಕೈಗುಣ ಸರಿಯಿಲ್ಲ ಅಂತ ಅರ್ಥ. ಮನೆಯಿಂದ ಓಡಿಸಲ್ಲ. ಆದರೆ ಅಡುಗೆಮನೆ ಹೊಸಿಲು ದಾಟೋ ಹಾಗಿಲ್ಲ. ಕೊಟ್ಟಿಗೆ ಬಳಿಬೇಕು, ಬಲೆ ಹೆಣಿಬೇಕು, ಹಿತ್ತಲಲ್ಲಿ ಕೂತು ಹಾಕಿದ್ದನ್ನ ಉಣ್ಣಬೇಕು. ಬದುಕಿರೋ ತನಕ.

ಇಂಥ ಊರಿಗೆ ದೇವೀರಿ ಸೊಸೆಯಾಗಿ ಬಂದಳು. ಅತ್ತೆ ಹೊನ್ನಾಜಮ್ಮ. ಗಂಡ ಮುದ್ದಯ್ಯ. ಹೊಳೆಯಲ್ಲಿ ಆಳುದ್ದದ ಮೀನನ್ನ ಎಳೆದು ದಡಕ್ಕೆ ಹಾಕೋನು, ಅವ್ವನ ಮುಂದೆ ಮಾತ್ರ ಬಾಯಿ ಬಿಡ್ತಿರಲಿಲ್ಲ. ಇನ್ನು ಬೆಕ್ಕು. ಅದರ ಹೆಸರು ಕೆಂಚ. ಕೆಂಚು ಬಣ್ಣದ ದಪ್ಪ ಗಂಡು ಬೆಕ್ಕು, ಹೊನ್ನಾಜಮ್ಮನಿಗೆ ಪ್ರಾಣ.

ಹಿತ್ತಲಲ್ಲಿ ಇನ್ನೊಬ್ಬಳಿದ್ದಳು. ಹೊನ್ನಾಜಮ್ಮನ ವಾರಗಿತ್ತಿ, ಚಿಕ್ಕತಾಯಿ. ಅವಳು ಮದುವೆಯಾಗಿ ಬಂದಾಗ ಆಗಿನ ಬೆಕ್ಕು ಹಾಲನ್ನ ಮುಟ್ಟಿರಲಿಲ್ಲ. ಅವತ್ತು ಹಿತ್ತಲಲ್ಲಿ ಕೂತವಳು ಅಲ್ಲೇ ಕೂತು ಬಲೆ ಹೆಣೀತಾ ತಲೆ ನರೆಸಿಕೊಂಡಿದ್ದಳು. ದೇವೀರಿ ಬಂದ ದಿನವೇ ಅವಳನ್ನ ನೋಡಿದಳು.

ಮೊದಲನೇ ದಿನ. ದೇವೀರಿ ಮಿಂದು ಮಡಿಯುಟ್ಟು, ಅನ್ನ ಮೆತ್ತಗೆ ಹಿಸುಕಿ, ಹಾಲು ಹಾಕಿ ಕಲಸಿ ಬಟ್ಟಲು ಇಟ್ಟಳು. ಕೆಂಚ ಬಾಲ ನೆಟ್ಟಗೆ ಮಾಡ್ಕೊಂಡು ಮಿಯಾಂವ್ ಮಿಯಾಂವ್ ಅಂತ ಓಡಿ ಬಂದ. ಮೂಸಿದ. ನಾಲಿಗೆ ಚಾಚಿದ. ಕೆಂಡ ತಾಗಿದ ಹಾಗೆ ತಲೆ ಕೊಡವಿ ಹಿಂದಕ್ಕೆ ಹಾರಿ ಹೋಗೇಬಿಟ್ಟ.

"ಬಿಸಿ ಇತ್ತೇನೋ ಮಗಾ. ನಾಳೆ ಆರಿಸಿ ಇಡು" ಅಂದಳು ಹೊನ್ನಾಜಮ್ಮ.

ಎರಡನೇ ದಿನ. ದೇವೀರಿ ಆರಿಸಿ ಇಟ್ಟಳು. ಕೆಂಚ ಓಡಿ ಬಂದ. ಮೂಸಿದ. ನಾಲಿಗೆ ಚಾಚಿದ. ತಲೆ ಕೊಡವಿ ಹೋಗೇಬಿಟ್ಟ.

ಈ ಸಲ ಹೊನ್ನಾಜಮ್ಮ ಮಗಾ ಅನ್ನಲಿಲ್ಲ. "ತವರುಮನೆ ಯೋಚನೆ ಮಾಡ್ಕೊಂಡು ಕಲಸಿದ್ದೀಯ. ನಮಗೆ ಗೊತ್ತಾಗದೆ ಇರಬಹುದು, ಬೆಕ್ಕಿಗೆ ಗೊತ್ತಾಗುತ್ತೆ. ನಾಳೆ ಒಂದು ದಿನ ಇದೆ ನೋಡು."

ದೇವೀರಿ ಗಂಡನ ಮುಖ ನೋಡಿದಳು. ಮುದ್ದಯ್ಯ ಗಾಳದ ದಾರ ಸರಿ ಮಾಡ್ತಾ ಕೂತ. ಎಲ್ಲಾ ಗಂಡಸರಿಗೂ ಅಂಥ ಹೊತ್ತಲ್ಲೇ ಒಂದು ಕೆಲಸ ಸಿಗುತ್ತೆ, ನೋಡಿದ್ದೀರಲ್ಲ?

ದೇವೀರಿ ಎದ್ದು ಹಿತ್ತಲಿಗೆ ಬಂದಳು. ಚಿಕ್ಕತಾಯಿ ಬಲೆ ಹೆಣೀತಿದ್ದಳು. ಅವಳ ಪಕ್ಕದಲ್ಲಿ, ಹಳೇ ಬಲೆ ರಾಶಿಯ ಸಂದಿಯಲ್ಲಿ, ಕೆಂಚ ಮುದುಡಿ ಕೂತಿದ್ದ.

"ಚಿಕ್ಕತ್ತೆ, ಇವನು ಇಲ್ಲೇ ಇರ್ತಾನಾ?"

"ಮುಂಚೆ ಇತ್ತ ಕಡೆ ತಿರುಗಿಯೂ ನೋಡ್ತಿರಲಿಲ್ಲ ಕಣವ್ವ. ನೀನು ಬಂದ ದಿನದಿಂದ ಇಲ್ಲೇ ಬಚ್ಚಿಟ್ಕೊಂಡವನೆ. ಹಗಲೆಲ್ಲ ಗುರ್ ಗುರ್ ಅಂತಾನೆ. ಖುಷಿಯಾಗವನೆ ಅಂದ್ಕೊಂಡೆ."

ದೇವೀರಿಗೆ ಬೆಕ್ಕು ಹೊಸದಲ್ಲ. ತವರಲ್ಲಿ ಬೆಕ್ಕಿನ ಮರಿಗಳ ಜೊತೆಗೇ ಬೆಳೆದವಳು. ಬೆಕ್ಕು ಖುಷಿಗೂ ಗುರುಗುಡುತ್ತೆ, ನೋವಿಗೂ ಗುರುಗುಡುತ್ತೆ ಅನ್ನೋದು ಅವಳಿಗೆ ಗೊತ್ತು. ಕೂತು ನೋಡಿದಳು. ನೀವೂ ನಿಮ್ಮ ಮನೆ ಬೆಕ್ಕನ್ನ ಹಾಗೆ ಒಂದು ಸಲ ಕೂತು ನೋಡಿ, ಬರೀ ಹಾಲು ಕುಡೀತಾ ಅಂತ ಕೇಳಿ ಎದ್ದು ಹೋಗ್ತೀರಲ್ಲ. ಏನು ಕಂಡಿತು ಅವಳಿಗೆ? ದಿನಾ ಮೈ ನೆಕ್ಕಿ ನುಣ್ಣಗಿರೋ ಕೆಂಚನ ಕೂದಲು ಅಂಟು ಅಂಟಾಗಿ ನಿಂತಿದೆ. ಗದ್ದದ ಮೇಲೆ ಜೊಲ್ಲು ಇಳಿದಿದೆ. ಮುಂಗಾಲಲ್ಲಿ ಬಾಯಿ ಪಕ್ಕ ಉಜ್ಜಿಕೊಳ್ತಾನೆ, ಸುಮ್ಮನಾಗ್ತಾನೆ, ಮತ್ತೆ ಉಜ್ಜಿಕೊಳ್ತಾನೆ. ಬಾಯಿ ಹತ್ತಿರ ಬಗ್ಗಿದರೆ ಕೆಟ್ಟ ನಾತ.

"ನನ್ನ ಕೈ ಬೇಡ ಅನ್ನೋನು ಹಾಗೆ ಓಡಿ ಬರ್ತಾನಾ ಚಿಕ್ಕತ್ತೆ? ಇವನಿಗೆ ಹಸಿವು ಇದೆ. ತಿನ್ನೋಕೆ ಆಗ್ತಿಲ್ಲ."

ಬಾಯಿ ತೆಗೆದು ನೋಡೋಣ ಅಂತ ಗಲ್ಲ ಮುಟ್ಟಿದಳು. ಕೆಂಚ ಪರ್ ಅಂತ ಪರಚಿ ಅಟ್ಟ ಹತ್ತಿಬಿಟ್ಟ. ಚಿಕ್ಕತಾಯಿ ಹೆಣಿಗೆ ನಿಲ್ಲಿಸಿ ಅವಳನ್ನೇ ನೋಡ್ತಾ ಕೂತಳು.

ಮೂರನೇ ದಿನ. ಊರಿನ ಯಜಮಾನ ಬಂದ, ಅಕ್ಕಪಕ್ಕದ ಹೆಂಗಸರು ಬಂದರು, ಕೆಲಸ ಇಲ್ಲದೋರೂ ಬಂದರು. ದೇವೀರಿ ಬಟ್ಟಲು ಇಟ್ಟಳು. ಕೆಂಚ ಬಂದ. ಈ ಸಲ ಓಡಿ ಬರಲಿಲ್ಲ, ತಟ್ಟಾಡ್ಕೊಂಡು ಬಂದ. ಮೂಸಿದ. ನಾಲಿಗೆ ಚಾಚಿದ. ಹಿಂದಕ್ಕೆ ಸರಿದು ಕಣ್ಣು ಮುಚ್ಚಿದ.

"ಆಯ್ತಲ್ಲ" ಅಂದ ಯಜಮಾನ.

ಹೊನ್ನಾಜಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅವಳೇನು ಕೆಟ್ಟವಳಲ್ಲ. ಸೊಸೆ ಮೇಲೆ ಆಸೆ ಇಟ್ಟುಕೊಂಡಿದ್ದಳು.

ದೇವೀರಿ ಮಾತ್ರ ಎದ್ದು ಹಿತ್ತಲಿಗೆ ಹೋಗಲಿಲ್ಲ. ಅಲ್ಲೇ ನಿಂತಳು. "ಅತ್ತೆ, ಮೂರು ದಿನ ಆಯ್ತು. ಇನ್ನು ಯಾರು ಬೇಕಾದ್ರೂ ಹಾಕಬಹುದು ತಾನೆ? ನಿಮ್ಮ ಕೈಯಾರೆ ಒಂದು ತುತ್ತು ಹಾಕಿ. ಹಸಿದವನೆ."

ತಪ್ಪೇನಿದೆ ಅದರಲ್ಲಿ? ಹೊನ್ನಾಜಮ್ಮ ತಾನೇ ಬೇರೆ ಹಾಲನ್ನ ಕಲಸಿದಳು, "ಬಾರೋ ನನ್ನ ರಾಜ" ಅಂತ ಅಂಗೈಯಲ್ಲೇ ಹಿಡಿದಳು. ಕೆಂಚ ಬಂದ. ಮೂಸಿದ. ನಾಲಿಗೆ ಚಾಚಿದ. ತಲೆ ಕೊಡವಿ ಹಿಂದಕ್ಕೆ ಹೋದ.

ಹಿಂದಿನಿಂದ ಒಬ್ಬಳು ಮೆಲ್ಲಗೆ, "ಹಂಗಾದ್ರೆ ಹೊನ್ನಾಜಮ್ಮನೂ ಹಿತ್ತಲಿಗೆ ಹೋಗ್ಬೇಕಾ?" ಅಂದಳು.

ಯಜಮಾನ ಗಂಟಲು ಸರಿ ಮಾಡ್ಕೊಂಡು, "ಇರಿ ಇರಿ, ನಾನು ಹಾಕ್ತೀನಿ" ಅಂತ ಹುರಿದ ಮೀನಿನ ತುಂಡು ತರಿಸಿ ಹಾಕಿದ. ಅದೂ ಬೇಡ. ಹುರಿದ ಮೀನು ಬಿಟ್ಟು ಹೋಗೋ ಬೆಕ್ಕನ್ನ ಎಲ್ಲಾದರೂ ಕಂಡಿದ್ದೀರಾ? ಆ ಊರೂ ಕಂಡಿರಲಿಲ್ಲ.

"ಕೈಯಲ್ಲಿ ಏನೂ ಇಲ್ಲ ಯಜಮಾನರೆ, ಇವನ ಬಾಯಲ್ಲಿ ಇದೆ" ಅಂದಳು ದೇವೀರಿ. "ಯಾರಾದ್ರೂ ಭದ್ರವಾಗಿ ಹಿಡ್ಕೊಳ್ಳಿ, ನೋಡೋಣ."

ಹಿಡಿಯೋರು ಯಾರು? ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸರಿದರು. ಹಿತ್ತಲ ಬಾಗಿಲಿಂದ ಚಿಕ್ಕತಾಯಿ, "ಇತ್ತ ತತ್ತಾರವ್ವ" ಅಂದಳು. ತನ್ನ ಹಳೇ ಸೀರೆಯಲ್ಲಿ ಕೆಂಚನನ್ನ ಕುತ್ತಿಗೆವರೆಗೂ ಸುತ್ತಿ, ಮಗುವಿನ ಹಾಗೆ ಮಡಿಲಲ್ಲಿ ಇಟ್ಕೊಂಡಳು. ದೇವೀರಿ ದವಡೆ ಒತ್ತಿ ಬಾಯಿ ತೆಗೆಸಿದಳು. ಅಂಗುಳಿಗೆ ಅಡ್ಡವಾಗಿ, ಈ ಪಕ್ಕದ ಹಲ್ಲಿಂದ ಆ ಪಕ್ಕದ ಹಲ್ಲಿಗೆ, ಒಂದು ಮೀನಿನ ಮೂಳೆ ಸಿಕ್ಕಿಕೊಂಡಿತ್ತು. ಸುತ್ತ ಬಾತು ಕೆಂಪಗಾಗಿತ್ತು.

"ಬನ್ನಿ" ಅಂದಳು ಗಂಡನಿಗೆ. "ದಿನಾ ಮೀನಿನ ಬಾಯಿಂದ ಗಾಳ ಬಿಡಿಸೋ ಕೈ ತಾನೆ ನಿಮ್ಮದು."

ಮುದ್ದಯ್ಯ ಅವ್ವನ ಮುಖ ನೋಡಿದ. ನೋಡಿ, ಈ ಸಲ ಅಪ್ಪಣೆಗೆ ಕಾಯಲಿಲ್ಲ. ಎರಡು ಬೆರಳು ಹಾಕಿ, ಮೂಳೆಯನ್ನ ಹಿಂದಕ್ಕೆ ಒತ್ತಿ, ಪಕ್ಕಕ್ಕೆ ತಿರುಗಿಸಿ ಎಳೆದ. ಗಾಳ ಬಿಡಿಸೋ ಹಾಗೇ ಬಂತು.

ಹೊನ್ನಾಜಮ್ಮ ಆ ಮೂಳೆ ನೋಡಿ ಅಲ್ಲೇ ಕುಸಿದಳು. "ಮದುವೆ ಊಟದ ದಿನ ದೊಡ್ಡ ಮೀನಿನ ತಲೆ ಆರಿಸಿ ನಾನೇ ಹಾಕಿದ್ದೆ ಕಣಪ್ಪ. ಪ್ರೀತಿಗೆ ಹಾಕಿದ್ದೆ."

ಕೆಂಚ ಮೊದಲು ನೀರು ಕುಡಿದ. ಆಮೇಲೆ ದೇವೀರಿಯ ಬಟ್ಟಲಿಗೆ ಬಾಯಿ ಹಾಕಿದ. ಮೆಲ್ಲಗೆ ತಿಂದ, ಬಟ್ಟಲು ನೆಕ್ಕಿದ, ಸಾಲದು ಅಂತ ಯಜಮಾನನ ಮೀನಿಗೂ ಹೋದ. ನೆರೆದಿದ್ದ ಹೆಂಗಸರು ಕಣ್ಣೊರೆಸಿಕೊಂಡು ನಕ್ಕರು. "ಒಲೆ ನಿನ್ನದು ಮಗಾ" ಅಂದಳು ಹೊನ್ನಾಜಮ್ಮ. ಅವತ್ತಿಂದ ಆ ಊರಲ್ಲಿ ಬೆಕ್ಕು ಉಣ್ಣದಿದ್ದರೆ ಯಾರ ಕೈ ಅಂತ ಕೇಳೋದು ಬಿಟ್ಟು, ಎಲ್ಲಿ ನೋವು ಅಂತ ನೋಡೋಕೆ ಶುರು ಮಾಡಿದರು.

ಹಿತ್ತಲ ಬಾಗಿಲಲ್ಲಿ ಚಿಕ್ಕತಾಯಿ ಹಾಗೇ ನಿಂತಿದ್ದಳು, ಖಾಲಿ ಸೀರೆ ಕೈಯಲ್ಲಿ ಹಿಡ್ಕೊಂಡು.

"ಅಕ್ಕ" ಅಂದಳು. "ನಾನು ಬಂದಾಗ ಇದ್ದ ಬೆಕ್ಕಿಗೆ ಏನಾಗಿತ್ತು?"

"ಯಾರೂ ನೋಡಲಿಲ್ಲ ಕಣೇ" ಅಂದಳು ಹೊನ್ನಾಜಮ್ಮ. ಎದ್ದು ಹೋಗಿ ವಾರಗಿತ್ತಿಯ ಕೈ ಹಿಡಿದು, ಅಡುಗೆಮನೆ ಹೊಸಿಲು ದಾಟಿಸಿ, ಒಲೆ ಮುಂದೆ ನಿಲ್ಲಿಸಿದಳು. ಸಾರು ಕುದೀತಿತ್ತು. ಚಿಕ್ಕತಾಯಿ ಸೌಟು ಹಿಡಿದು ಸುತ್ತ ಗೋಡೆಗೂಡುಗಳನ್ನೆಲ್ಲ ನೋಡಿದಳು. ತನ್ನದೇ ಮನೆ.

"ಉಪ್ಪು ಎಲ್ಲಿಡ್ತೀರಕ್ಕ?" ಅಂತ ಕೇಳಿದಳು.

ಅವರ ಒಲೆ ಅಲ್ಲಿ ಉರೀಲಿ, ನಮ್ಮ ದೀಪ ಇಲ್ಲಿ ಉರೀಲಿ, ಕತೆ ಹೊಳೆ ದಾಟಿ ಅದರ ಊರಿಗೆ ಹೋಗಲಿ. ಏಳಿ ಇನ್ನ, ಮನೆಗೆ ನಡೀರಿ.