ಜೇಬಿನಲ್ಲಿದ್ದ ಗಡಿಯಾರ

ಮಲೇಷ್ಯಾದ ಕೋಟಾ ಬಾರು ಪಟ್ಟಣದ ಔಷಧದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಣ್ಣ ತಂಗಿ ನಿಂತಿದ್ದರು. ಅಣ್ಣನ ಕೈಯಲ್ಲಿ ಎದೆಬಡಿತ ಅಳೆಯುವ ಕೈಗಡಿಯಾರವಿತ್ತು. ತಂಗಿಯ ದನಿ ಆಗಲೇ ಏರಿತ್ತು.

“ಅಪ್ಪ ಮಸೀದಿಯ ಕೊಳಾಯಿ ಹತ್ರ ಕುಸಿದು ಬಿದ್ದಾಗ ನೀನು ಕೊಡಿಸಿದ ಈ ಗಡಿಯಾರ ಎಲ್ಲಿತ್ತು ಗೊತ್ತಾ ರೊಸ್ಲಾನಣ್ಣ? ಅವರ ಜೇಬಲ್ಲಿ!”

“ಅದಕ್ಕೇ ನನ್ನ ಫೋನಿಗೆ ಸುದ್ದಿ ಬರ್ಲಿಲ್ಲ.”

“ಏನಂತ ಬರ್ಬೇಕಿತ್ತು? ಜೇಬು ಆರೋಗ್ಯವಾಗಿದೆ ಅಂತಾನಾ?”

“ಬಿಚ್ಚೋಕೆ ಯಾಕೆ ಬಿಟ್ಟೆ ಸಕೀನಾ? ಸಮುದ್ರದಲ್ಲಿ ಮುಳುಗಿಸಿದ್ರೂ ಇದಕ್ಕೆ ಏನೂ ಆಗಲ್ಲ. ಪಟ್ಟಿ ಬಿಗಿಯಾಗಿದ್ರೆ ಸಾಕು.”

“ಬಿಗಿಯಾಗಿದೆ ಅಂತಾನೇ ಬಿಚ್ಚೋದು! ನಮಾಜಿಗೆ ಮುಂಚೆ ಕೈ ತೊಳೀವಾಗ ಪಟ್ಟಿ ಕೆಳಗಿನ ಚರ್ಮಕ್ಕೂ ನೀರು ತಾಗ್ಬೇಕು. ಮರೆತೇಬಿಟ್ಯಾ? ದಿನಕ್ಕೆ ಐದು ಸಲ ಬಿಚ್ತಾರೆ, ಎರಡು ಸಲ ಕಟ್ಕೊಳ್ಳೋದು ಮರೀತಾರೆ.”

ಸಾಲಿನಲ್ಲಿದ್ದ ಟೋಪಿಯ ಮುದುಕರೆಲ್ಲ ತಿರುಗಿ ನೋಡಿದರು.

“ಮೆಲ್ಲಗೆ ಮಾತಾಡೇ.”

“ಇದನ್ನ ಕೊಳ್ಳೋ ದಿನ ಮೆಲ್ಲಗೇ ಹೇಳಿದ್ನಲ್ಲ, ಬಡಿತ ಅಳೆಯೋಕೆ ಎದೆಗೆ ಅಂಟಿಸೋದು ತಗೋ, ನಮಾಜಿಗೆ ತೊಳೆಯೋ ನೀರು ಎದೆಗೆ ತಾಗ್ಬೇಕಿಲ್ಲ ಅಂತ! ಅಂಗಿ ಒಳಗಿದ್ರೆ ಯಾರಿಗೆ ಕಾಣುತ್ತೆ ಅಂದೆ ನೀನು. ಹಬ್ಬಕ್ಕೆ ಬಂದೋರಿಗೆಲ್ಲ ಅಪ್ಪನ ಕೈ ಎತ್ತಿ ಎತ್ತಿ ತೋರಿಸ್ದೆ.”

“ಆಯ್ತು ಬಿಡು, ನಾಳೆ ಆಸ್ಪತ್ರೆಯಿಂದ ಮನೆಗೆ ಬರ್ತಾರಲ್ಲ.”

ಅಷ್ಟರಲ್ಲಿ ಅವರ ಸರದಿ ಬಂತು. ಸಕೀನಾ ಅವನ ಕೈಯಿಂದ ಗಡಿಯಾರ ಕಿತ್ತುಕೊಂಡು ಮೇಜಿನ ಮೇಲೆ ಕುಕ್ಕಿದಳು.

“ಎದೆಗೆ ಅಂಟಿಸೋದು ಕೊಡಿ,” ಎಂದಳು ಅಂಗಡಿಯವಳಿಗೆ. “ಇದನ್ನ ನಮ್ಮಣ್ಣನ ಕೈಗೇ ಕಟ್ಟಿ. ಅವನಿಗೆ ದಿನಕ್ಕೆ ಒಂದು ಸಲಾನೂ ಬಿಚ್ಚೋ ಪ್ರಮೇಯ ಬರಲ್ಲ.”