ಅತ್ತೆಯ ಒದ್ದೆ ಸಾಕ್ಸು

ಬೇಡ ಬಿಡಮ್ಮ, ಒದ್ದೆಯಾದ್ರೆ ಏನಾಯ್ತೀಗ... ಸಾಕ್ಸು ತಾನೆ, ಕಾಲಲ್ಲೇ ಒಣಗುತ್ತೆ. ಬೋಗುಣಿ ಎಡವಿದ್ದು ನಾನೇ. ಇನ್ನರ್ಧ ನೀರಿದೆಯಲ್ಲ, ಮಗು ಪಾದಕ್ಕೆ ಅಷ್ಟು ಸಾಕು. ಜಾಸ್ತಿ ಬಿಸಿ ಇಲ್ಲ ತಾನೆ?

ಯಾಕೆ ನಗ್ತೀಯ? ಸೆಕೆಗಾಲದಲ್ಲೂ ಸಾಕ್ಸು ಹಾಕೋ ಅತ್ತೆ ಅಂತಾನಾ? ನಿನ್ನ ಗಂಡನೂ ಹಂಗೇ ಆಡ್ಕೋತಿದ್ದ, 'ಅಮ್ಮ ಸಾಕ್ಸು ಹಾಕ್ಕೊಂಡೇ ಹುಟ್ಟಿದ್ದು' ಅಂತ. ಆಡ್ಕೊಳ್ಳಿ, ಆಡ್ಕೊಳ್ಳಿ.

ಪಾಪ, ಆ ಬೆರಳು ನೋಡು... ಕೆಂಪಗೆ ಊದಿ ತುದಿ ಒಡೆದಿದೆ. ಸ್ವಲ್ಪ ಚಳಿ ತಾಗಿದ್ರೆ ಸಾಕು, ಹಿಂಗಾಗುತ್ತೆ. ನೀನೇ ತಣ್ಣೀರಲ್ಲಿ ಆಡಿಸಿ ಹಿಂಗಾಯ್ತು ಅಂತ ಮೊದಮೊದಲು ಬೈದೆ. ಬೈದಿದ್ದೇನೋ ನಿಜ. ಈಗ ಡಾಕ್ಟರೇ ಹೇಳಿದ್ರಲ್ಲ, ಹುಟ್ಟಿನಿಂದಲೇ ಬಂದಿದ್ದು, ಎಲ್ಲೋ ಲಕ್ಷಕ್ಕೊಬ್ಬರಿಗೆ ಬರೋದು ಅಂತ. ಮೈ ಕಾಯೋ ಕಾವಲುಗಾರನೇ ಮನೆಯವರನ್ನ ಕಳ್ಳರು ಅಂತ ಬಡೀತಾನಂತೆ. ಅದಕ್ಕೇ ಸೋಂಕಿಲ್ಲದೆ ಜ್ವರ, ಮೆದುಳಿಗೂ ಉರಿಯೂತ, ಕತ್ತು ನಿಲ್ಲಲ್ಲ, ಕೈಕಾಲೆಲ್ಲ ಬಿಗಿ...

ಏನು ಹಂಗೆ ನೋಡ್ತೀಯ? ಬೆಳಿಗ್ಗೆ ನಾನು ಡಾಕ್ಟರಿಗೆ ಹೇಳಿದ್ದಾ? 'ಚಳಿಗೆ ಬೆರಳು ಹೀಗೆ ಊದೋದು ಮನೇಲಿ ಇನ್ಯಾರಿಗಾದ್ರೂ ಇದೆಯಾ' ಅಂದ್ರು. 'ನಮ್ಮ ಕಡೆ ಯಾರಿಗೂ ಇಲ್ಲ, ಇವಳ ತವರಲ್ಲಿ ಕೇಳಿ' ಅಂದೆ. ಕೇಳಿದ್ದಕ್ಕೆ ಹೇಳಿದೆ, ಅಷ್ಟೆ. ನಿಮ್ಮಮ್ಮ ಫೋನಲ್ಲಿ ಅತ್ತರಾ? ಅಳೋಕೇನಿದೆ... ಯಾವ ಕಡೆಯಿಂದ ಬಂತು ಅಂತ ಗೊತ್ತಾದ್ರೆ ನಿನ್ನ ಹೊಟ್ಟೇಲಿರೋ ಕೂಸನ್ನೂ ಮೊದಲೇ ಪರೀಕ್ಷೆ ಮಾಡಬಹುದಂತೆ. ಒಳ್ಳೇದೇ ಅಲ್ವಾ? ಅಲ್ವಾ?

ಇತ್ತ ನೋಡೇ. ನನ್ನ ಕಾಲನ್ನೇ ನೋಡ್ತಾ ಕೂತ್ರೆ... ಡಾಕ್ಟರು ಕೇಳಿದಾಗ ನಾನು ಪಾದ ಕುರ್ಚಿ ಕೆಳಗೆ ಎಳ್ಕೊಂಡಿದ್ದು ನೋಡಿದೆ, ಅಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಹಂಗಾಯ್ತು ನನ್ನ ಕತೆ.

ಬಿಡು, ಸಾಕ್ಸು ಎಳೀಬೇಡ. ಬಿಡು ಅಂದೆ. ಎಳೆದೇಬಿಟ್ಟೆಯಲ್ಲ... ಆ ಊತ, ಐಸ್‌ಕ್ರೀಂ ಕಾರ್ಖಾನೇಲಿ ತಣ್ಣನೆ ಕೋಣೇಲಿ ಕೆಲಸ ಮಾಡ್ತಿದ್ನಲ್ಲ, ಅಲ್ಲಾಗಿದ್ದು. ಅಲ್ಲಿ ಎಲ್ಲರಿಗೂ ಆಗೋದು.

ಎಲ್ಲರಿಗೂ ಇಲ್ಲ. ನನಗೊಬ್ಬಳಿಗೇ. ಚಿಕ್ಕವಳಿದ್ದಾಗಿಂದ. ಜೊತೆ ಕೆಲಸದವಳು ಬೆರಳು ನೋಡಿ 'ಕುಷ್ಠನಾ' ಅಂತ ಕೇಳಿ ಆಚೆ ಸರಿದು ಕೂತ್ಲು. ಮಾರನೇ ದಿನದಿಂದ ನಾನು ಹೋಗ್ಲಿಲ್ಲ. ಮೇಸ್ತ್ರಿ ಜೊತೆ ಜಗಳ ಆಯ್ತು ಅಂತ ಮನೇಲಿ ಕತೆ ಕಟ್ಟಿದೆ. ಅವತ್ತು ಮುಚ್ಚಿದ ಕಾಲು ಇದು. ಇವತ್ತು ಅಲ್ಲಿ, ಅಷ್ಟು ಜನರ ಎದುರಿಗೆ, ನಾಲಿಗೆ ಹೊರಳಲೇ ಇಲ್ಲ... ನಿಮ್ಮಮ್ಮನ ಮೇಲೆ ಹೊರಿಸೋಕೆ ಮಾತ್ರ ಚೆನ್ನಾಗಿ ಹೊರಳ್ತು.

ಮಗು ಪಾದದ ಪಕ್ಕ ನನ್ನ ಪಾದ ಇಟ್ಟು ನೋಡ್ತಿದ್ದೀಯಲ್ಲ... ಒಂದೇ ಅಚ್ಚು. ನೋಡು, ಸರಿಯಾಗಿ ನೋಡು. ನಾಚಿಕೆಯಿಂದ ಸಾಯ್ತಿದ್ದೀನಿ ಕಣೆ. ನಿಮ್ಮಮ್ಮನಿಗೆ ನಾನೇ ಫೋನ್ ಮಾಡ್ತೀನಿ. ಡಾಕ್ಟರ ಹತ್ರ ಬರಿಗಾಲಲ್ಲೇ ಬರ್ತೀನಿ.

ಅಯ್ಯೋ, ಬೇಡಮ್ಮ. ಮಗೂಗೆ ಅಂತ ಕಾಯಿಸಿದ ನೀರು ನನ್ನ ಕಾಲಿಗೆ ಯಾಕೆ ಹಾಕ್ತೀಯ... ಬೈದುಬಿಡೆ. ಇದಕ್ಕಿಂತ ಅದೇ ವಾಸಿ.