ಬೀಗರೂಟಕ್ಕೆ ಒಯ್ದ ಡಬ್ಬಿ

ಇದನ್ನ ನಂಗೆ ಮೊದಲು ಹೇಳಿದ್ದು ಸೊಣ್ಣಮ್ಮ ಕಣೆ ದಿವ್ಯ. ಅದೇ, ನಮ್ಮ ಕಾಲೇಜಿನ ಲೈಬ್ರರೀಲಿ ಕಸ ಗುಡಿಸ್ತಾಳಲ್ಲ, ಅವಳು. ಡಾಕ್ಟ್ರಲ್ಲ, ಜಿಮ್ಮಿನವನಲ್ಲ! "ಮೇಡಮ್ಮೋರೆ, ತೂಕ ಇಳ್ಸೋದು ಮದ್ವೆ ಇದ್ದಂಗೆ, ಮೂರು ದಿನದ ಗಲಾಟೆ. ಉಳಿಸ್ಕೊಳೋದು ಸಂಸಾರ, ದಿನಾ ಮಾಡ್ಬೇಕು" ಅಂದ್ಲು. ನಗು, ನಗು. ಎಂಟು ಕೆಜಿ ಇಳಿಸಿ ಒಂಬತ್ತು ಏರಿಸ್ಕೊಂಡು ಬಂದಿರೋಳು ನೀನು, ನಿನ್ನ ಚಿಕ್ಕಮ್ಮ ಅಲ್ಲ.

ಕಾಫಿ ತಗೋ. ಸಕ್ಕರೆ ಹಾಕಿಲ್ಲ... ಅಯ್ಯೋ, ಬೇವಿನ ಕಷಾಯ ಕುಡಿದೋಳ ಥರ ಆಡ್ಬೇಡ! ಹದಿನೈದು ದಿನ ಕುಡಿ, ಆಮೇಲೆ ನಾಲಿಗೆ ಸಕ್ಕರೆ ಕೇಳೋದೇ ಇಲ್ಲ.

ನೋಡು, ಹಟ ಮಾಡ್ಬೇಡ. ಹಟ ಅನ್ನೋದು ಮುಂದಿನ ಹಬ್ಬದ ತನಕ ಬರುತ್ತೆ, ಅಷ್ಟೆ. ಅಭ್ಯಾಸ ಮಾಡ್ಕೋ. ಭಾನುವಾರ ಬೆಳಿಗ್ಗೆ ತೂಕದ ಮೆಷಿನ್ ಮೇಲೆ ನಿಂತ್ಕೋ. ಒಂದು ಕೆಜಿ ಏರಿದಾಗಲೇ ಎಚ್ಚರ ಆಗು, ಐದು ಏರಿದ್ಮೇಲೆ ಅತ್ತರೆ ಏನ್ ಬಂತು? ಒಂದು ದಿನ ಜಾಸ್ತಿ ತಿಂದ್ಯಾ? ಒಂದೇ ದಿನ ತಿಂದಿದ್ದು. "ಹಾಳಾಗೋಯ್ತು ಬಿಡು" ಅಂತ ವಾರಪೂರ್ತಿ ತಿನ್ಬೇಡ. ಆಮೇಲೆ ನಡಿಗೆ. ನಂಗೆ ಈ ನಲ್ಲೂರಿನ ಹುಣಸೆ ತೋಪೇ ಜಿಮ್ಮು. ಆ ಮರಗಳು "ಯಾಕ್ ಮೇಡಂ ಇಷ್ಟು ಸಣ್ಣ ಆಗೋದ್ರಿ, ಸಕ್ಕರೆ ಕಾಯಿಲೆನಾ" ಅಂತ ಕೇಳಲ್ಲ.

ರಾತ್ರಿ ಊಟ ಏಳಕ್ಕೆ. ಒಂದೇ ಮುದ್ದೆ, ಸೊಪ್ಪಿನ ಸಾರು. ನಿಮ್ಮ ಚಿಕ್ಕಪ್ಪ ತೀರ್ಕೊಂಡ್ಮೇಲೆ ಯಾರಿಗೂ ಕಾಯ್ಬೇಕಾಗಿಲ್ವಲ್ಲ... ಅದೊಂದು ಅನುಕೂಲ. ಹಾಗೆ ನೋಡ್ಬೇಡ, ತಮಾಷೆಗೆ ಅಂದೆ. ಎಪ್ಪತ್ತೆಂಟು ಇದ್ದೋಳು ಅರವತ್ತೊಂದಕ್ಕೆ ಬಂದೆ. ಮೂರು ವರ್ಷ ಆಯ್ತು, ಮುಳ್ಳು ಒಂದು ಕೆಜಿನೂ ಅಲುಗಿಲ್ಲ! ನಮ್ಮಲ್ಲಿ ಹೀಗೆ ಉಳಿಸ್ಕೊಂಡೋರು ಯಾರಿದ್ದಾರೆ ಹೇಳು?

ಯಾಕೆ ನಗ್ತೀಯ? ಓ... ಆ ಡಬ್ಬಿ ನೆನಪಾಯ್ತಾ? ನಿಮ್ಮಣ್ಣ ವಸಂತನ ಮದ್ವೆ ಬೀಗರೂಟ. ಸರಿ, ನಾನೂ ನಗ್ತೀನಿ. ತ್ಯಾಮಗೊಂಡ್ಲಿನಲ್ಲಿ ಮುನ್ನೂರು ಜನ ಎಲೆ ಮುಂದೆ ಕೂತು ಮಟನ್ ಊಟ ಹೊಡೀತಿದ್ದಾರೆ, ನಡುವೆ ವಸಂತನ ಚಿಕ್ಕಮ್ಮ ಸ್ಟೀಲ್ ಡಬ್ಬಿ ತೆಗೆದು ಸೌತೆಕಾಯಿ ಕಡೀತಿದ್ದಾಳೆ! ಆ ಬೀಗಿತ್ತಿ ಸೌಟು ಹಿಡ್ಕೊಂಡು ನಿಂತೇ ಇದ್ರು. "ಯಾಕ್ರೀ, ನಮ್ಮನೆ ಅಡಿಗೇಲಿ ವಿಷ ಇದ್ಯಾ?" ಅಂದ್ರು. ನಾನು ಎಲೆ ಮೇಲೆ ಕೈ ಅಡ್ಡ ಇಟ್ಟೆ. ನಿಮ್ಮಮ್ಮ ಬಂದು, "ಒಂದೇ ಒಂದು ತುತ್ತು ಕಣೆ ಪ್ರಮೋದಾ, ನನ್ನ ಮಾನ ಉಳಿಸು" ಅಂದ್ಲು. ನಾನು... ಆ ತಿಂಗಳು ಆರುನೂರು ಗ್ರಾಂ ಏರಿತ್ತು ಕಣೆ. ಕೈ ತೆಗೀಲಿಲ್ಲ.

ಹೋಗ್ಲಿ ಬಿಡು. ಹಳೇ ಮಾತು. ಈಗ ನಾನೂ ನಿಮ್ಮಮ್ಮನೂ ಚೆನ್ನಾಗೇ ಇದ್ದೀವಿ. ಶುಕ್ರವಾರ ವಸಂತನ ಮಗು ನಾಮಕರಣ ಅಲ್ವಾ? ಫೋನ್ ಮಾಡಿದ್ಳು ನಿಮ್ಮಮ್ಮ. "ಬರಲೇಬೇಕು" ಅಂತ ಒಂದೇ ಸಮ. ನಾನೇ ಬರಲ್ಲ ಅಂದೆ. ಹೋಳಿಗೆ, ತುಪ್ಪ, ಪಾಯಸ... ನಂಗ್ಯಾಕೆ ಅದೆಲ್ಲ ಅಂತ.

ಏನು?

ಯಾಕೆ ಲೋಟ ಕೆಳಗಿಟ್ಟೆ? ಮಾಡಿದ್ಳು ಅಂದ್ನಲ್ಲ. ಸೋಮವಾರ... ಇಲ್ಲ, ಮಂಗಳವಾರ ಇರ್ಬೇಕು. ನಂಗೆ ತಾರೀಖು ನೆನಪಿರಲ್ಲ. ಯಾಕೆ ಉಗುರು ನೋಡ್ಕೋತೀಯ?

ನಾಮಕರಣಕ್ಕೆ ಕರೆಯೋರ ಪಟ್ಟಿ ಬರೆದಿದ್ದು ನೀನೇನಾ?

ಹ್ಞೂಂ, ಅದ್ರಲ್ಲಿ ನನ್ನ ಹೆಸರಿಲ್ಲ.

ಬಿಡು, ತಲೆ ಎತ್ತು. ನೀನೇನ್ ಮಾಡ್ತೀಯ, ನಿಮ್ಮಮ್ಮ ಹೇಳಿದ ಹೆಸರು ಬರೆದಿದ್ದೀಯ. ಒಂದೂವರೆ ವರ್ಷದಿಂದ ಅವಳ ಫೋನಿಲ್ಲ ಕಣೆ. ಮೊದಲು ಅವಳು ಒಬ್ಳು ಕರೆಯೋದು ಬಿಟ್ಲು, ಆಮೇಲೆ ಎಲ್ಲರೂ. "ಅವರು ಹೇಗಿದ್ರೂ ತಿನ್ನಲ್ಲ, ಯಾಕೆ ಕರೆಯೋದು" ಅಂತ. ಮನೇಲೇ ಕೂತ್ರೆ ತೂಕ ಉಳಿಸ್ಕೊಳೋದು ಎಷ್ಟು ಸುಲಭ ಗೊತ್ತಾ? ಯಾರೂ ಬಲವಂತ ಮಾಡಲ್ಲ. ಯಾರೂ... ಇನ್ನೊಂಚೂರು ಹಾಕ್ಕೋ ಅನ್ನಲ್ಲ.

ಎದ್ಯಾ? ಒಂದ್ನಿಮಿಷ ಇರು. ನಿಮ್ಮಮ್ಮಂಗೆ ಒಂದು ಮಾತು ಹೇಳ್ತೀಯಾ? ಕರೆದ್ರೆ ಬರ್ತೀನಿ ಅಂತಲ್ಲ. ಕರೀದೇ ಇದ್ರೂ ಶುಕ್ರವಾರ ಬರ್ತೀನಿ ಅಂತ. ಮೊದಲ ಪಂಕ್ತೀಲೇ ಕೂತ್ಕೋತೀನಿ, ಅವಳ ಬೀಗಿತ್ತಿ ಪಕ್ಕದಲ್ಲೇ. ನಿಮ್ಮಮ್ಮನೇ ಬಡಿಸ್ಲಿ. ಎಷ್ಟು ಬಡಿಸಿದ್ರೂ ಬೇಡ ಅನ್ನಲ್ಲ ಅಂತ ಹೇಳು.